ಗಿಣ್ಣು ಗಟ್ಟಿಯಾದಾಗ ಹಾಲಿನ ನೀರು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಗಿಣ್ಣದ ಹಾಲನ್ನು ಹಬೆಯಲ್ಲಿಟ್ಟರೆ ಸ್ವಲ್ಪ ಹೊತ್ತಿಗೇ ಗಡ್ಡೆ ಕಟ್ಟುತ್ತದೆ. ಮಾಮೂಲಿ ಹಾಲು ಎಷ್ಟು ಕಾಯಿಸಿದರೂ ಕಟ್ಟುವುದಿಲ್ಲ. ಗಿಣ್ಣದಲ್ಲಿದ್ದ ನೀರು ಏನಾಯಿತು? (ಮದ್ದೂರಿನ ಓದುಗರೊಬ್ಬರು)

ಉತ್ತರ: ಎಲ್ಲಿಗೂ ಹೋಗಿಲ್ಲ. ಮುಚ್ಚಿದ ಡಬ್ಬಿಯನ್ನು ಹಬೆಗಿಡುವ ಮೊದಲೊಮ್ಮೆ, ಆರಿದ ಮೇಲೊಮ್ಮೆ ತೂಗಿ ನೋಡಿ. ತೂಕ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಬದಲಾದದ್ದು ಪ್ರೋಟೀನಿನ ಆಕಾರ. ಆ ಆಕಾರವನ್ನು ಮೊದಲು ಕೊಟ್ಟಿದ್ದೂ ಬಹುಮಟ್ಟಿಗೆ ನೀರೇ.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಕೆಲವು ಮಣಿಗಳಿಗೆ ನೀರು ಇಷ್ಟ, ಕೆಲವು ಎಣ್ಣೆಯ ಜಾತಿಯವು. ನೀರಿನ ಅಣುಗಳು ಒಂದಕ್ಕೊಂದು ಕೈ ಹಿಡಿದುಕೊಂಡು ಸದಾ ಜಾಗ ಬದಲಿಸುತ್ತಿರುತ್ತವೆ; ಎಣ್ಣೆಯ ಮಣಿ ನಡುವೆ ಬಂದರೆ ಅದರ ಸುತ್ತ ಬಿಗಿಯಾಗಿ ನಿಲ್ಲಬೇಕಾಗುತ್ತದೆ. ಅದು ನೀರಿಗೆ ನಷ್ಟ. ಹಾಗಾಗಿ ಅಂಥ ಮಣಿಗಳೆಲ್ಲ ಒಳಗೆ ಸೇರಿ, ಸರ ಉಂಡೆಯಾಗುತ್ತದೆ. ಉಂಡೆಯ ಹೊರಮೈಗೆ ನೀರಿನ ಹೊದಿಕೆಯೊಂದಿರುತ್ತದೆ, ಒಂದು ಗ್ರಾಂ ಪ್ರೋಟೀನಿಗೆ ಸುಮಾರು 0.3ರಿಂದ 0.4 ಗ್ರಾಂ. ಗೋಂದು ಹಾಕಿ ಅಂಟಿಸಿದ ಹಾಗಲ್ಲ. ಈ ಅಣುಗಳಲ್ಲಿ ಬಹುಪಾಲು ಸೆಕೆಂಡಿನ ನೂರು ಕೋಟಿಯ ಒಂದು ಭಾಗದೊಳಗೇ ಬದಲಾಗುತ್ತವೆ.

ಶಾಖ ಸುಮಾರು 70–75 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಉಂಡೆ ಬಿಚ್ಚಿಕೊಳ್ಳುತ್ತದೆ. ಬಚ್ಚಿಟ್ಟುಕೊಂಡಿದ್ದ ಎಣ್ಣೆಯ ಮಣಿಗಳು ಹೊರಬಂದು, ನೀರನ್ನು ತಪ್ಪಿಸಿಕೊಳ್ಳಲು ಪಕ್ಕದ ಸರದ ಮಣಿಗಳಿಗೆ ಅಂಟುತ್ತವೆ. ಗಂಧಕದ ಕೊಂಡಿಗಳು ಅದನ್ನು ಬಿಗಿಮಾಡುತ್ತವೆ. ಬಲೆ ಸಿದ್ಧ. ಮೊದಲ ಕರೆತದ 100 ಗ್ರಾಂ ಹಾಲಿನಲ್ಲಿ ಪ್ರೋಟೀನ್ ಸುಮಾರು 14 ಗ್ರಾಂ, ನೀರು 76 ಗ್ರಾಂ. ಹೊದಿಕೆಯ ಲೆಕ್ಕಕ್ಕೆ 5 ಗ್ರಾಂ ಸಿಕ್ಕೀತು. ಉಳಿದ ಸುಮಾರು 70 ಗ್ರಾಂ ಬಲೆಯ ಕಣ್ಣುಗಳಲ್ಲಿ ಸಿಕ್ಕಿಬಿದ್ದ ಮಾಮೂಲಿ ನೀರು.

ದಿನನಿತ್ಯದ ಹಾಲಿನ ಪ್ರೋಟೀನ್ ಮೂರೂ ಚಿಲ್ಲರೆ ಗ್ರಾಂ. ಅದರ ಶೇ. 80 ಕೇಸೀನ್, ಇದಕ್ಕೆ ಬಿಚ್ಚಿಕೊಳ್ಳುವಂಥ ಬಿಗಿ ಉಂಡೆಯೇ ಇಲ್ಲ. ಬಿಚ್ಚಿಕೊಳ್ಳುವ ಪ್ರೋಟೀನ್ 0.6 ಗ್ರಾಂ ಆಸುಪಾಸು. ಅಷ್ಟರಲ್ಲಿ ಬಲೆ ನೇಯಲಾಗದು. ಗಿಣ್ಣದಲ್ಲಿ ಹೆಚ್ಚಾಗಿ ಸೇರಿರುವುದು ಬಿಚ್ಚಿಕೊಳ್ಳುವ ಜಾತಿಯ ರೋಗನಿರೋಧಕ ಪ್ರೋಟೀನ್.

ಎರಡನೇ ಕರೆತಕ್ಕೆ ಒಟ್ಟು ಪ್ರೋಟೀನ್ 8 ಗ್ರಾಂ, ಮೂರಕ್ಕೆ 5 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದಲೇ ಮೊದಲ ಕರೆತದ ಒಂದು ಲೋಟಕ್ಕೆ ಒಂದೆರಡು ಲೋಟ ಮಾಮೂಲಿ ಹಾಲು ಬೆರೆಸಿದರೂ ಕಟ್ಟುತ್ತದೆ. ಮೂರನೆಯದಕ್ಕೆ ಬೆರೆಸಲು ಹೋದರೆ ಸಾರಿನಂತಾಗುತ್ತದೆ.

ಗಿಣ್ಣು ತೂತುತೂತಾಗಿ ನೀರು ಬಿಟ್ಟರೆ ಉರಿ ಜಾಸ್ತಿಯಾಗಿದೆ: ಬಲೆ ಕುಗ್ಗಿ ನೀರನ್ನು ಹಿಂಡುತ್ತದೆ, ಒಳಗೆ ಹಬೆಯ ಗುಳ್ಳೆ ಏಳುತ್ತದೆ. ಸಣ್ಣ ಉರಿ ಸಾಕು. ಬೆಲ್ಲ ಜಾಸ್ತಿಯಾದರೆ ಕಟ್ಟುವುದು ತಡ. ಸಕ್ಕರೆಯ ಅಣುಗಳು ನೀರಿನ ಪಕ್ಷ, ಪ್ರೋಟೀನಿನ ಮೈಯಿಂದ ದೂರ ಉಳಿಯುತ್ತವೆ. ಮೈ ಹಿಗ್ಗಿಸಿ ಬಿಚ್ಚಿಕೊಳ್ಳುವುದು ಆಗ ಪ್ರೋಟೀನಿಗೆ ಕಷ್ಟ, ಹೆಚ್ಚು ಶಾಖ ಬೇಕು. ಸಿಹಿ ಕಮ್ಮಿ ಮಾಡಿ ಅಂತ ಮಂಡ್ಯದವರಿಗೆ ಹೇಳುವ ಧೈರ್ಯ ನಮಗಿಲ್ಲ, ಇನ್ನಷ್ಟು ಹೊತ್ತು ಬೇಯಿಸಿ.

ಆದರೆ ಮೊದಲ ಪಾಲು ಕರುವಿಗೆ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಅದರ ತೂಕದ ಹತ್ತನೇ ಒಂದು ಭಾಗ, 40 ಕಿಲೋ ಕರುವಿಗೆ 4 ಲೀಟರ್ ಹೋಗಬೇಕು. ಸುಮಾರು 24 ಗಂಟೆ ಕಳೆದರೆ ಕರುಳು ಈ ಪ್ರೋಟೀನನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಫ್ರೀಜರಿನಲ್ಲಿಟ್ಟ ಗಿಣ್ಣದ ಹಾಲನ್ನು ಒಲೆಯ ಮೇಲೆ ಕರಗಿಸಬೇಡಿ, 45 ಡಿಗ್ರಿಯ ನೀರಿನಲ್ಲಿ ಪಾತ್ರೆ ಇಟ್ಟು ಕರಗಿಸಿ. ಉಂಡೆ ಬಿಚ್ಚಿದ ಹಾಲು ಹೊಟ್ಟೆ ತುಂಬಿಸೀತು, ರೋಗ ತಡೆಯದು.