ಒಂದು ಮೇಲ್, ಹನ್ನೊಂದು ಸಲ

ವಾರಕ್ಕೆ ಒಬ್ಬರಾದರೂ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಾನು ಆಪ್ತಸಲಹೆ ಕೊಡುವ ಕೋಣೆಗೆ ಬಂದು, "ಮೇಡಂ, ನಾನು ಸ್ವಲ್ಪ ಪರ್ಫೆಕ್ಷನಿಸ್ಟ್" ಅನ್ನುತ್ತಾರೆ. ಹೇಳುವಾಗ ಮುಖದಲ್ಲಿ ಸಣ್ಣ ಹೆಮ್ಮೆ. ಬಂದಿರುವುದು ಮಾತ್ರ ನಿದ್ದೆ ಬರಲ್ಲ ಅಂತ.

ಇವರಲ್ಲೊಬ್ಬರು ಅಕೌಂಟೆಂಟ್. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಬಾಸ್‌ಗೆ ನಾಲ್ಕು ಸಾಲಿನ ಮೇಲ್ ಬರೆದು ಹನ್ನೊಂದು ಸಲ ಓದಿದರಂತೆ. ಕೊನೆಗೆ ಕಳಿಸಿ ಲೋಕಲ್ ರೈಲು ಹತ್ತಿದರು. ಘಾಟ್ಕೋಪರ್ ದಾಟುವಷ್ಟರಲ್ಲಿ ಮೊಬೈಲ್ ತೆಗೆದು, ಕಳಿಸಿಯಾದ ಮೇಲನ್ನೇ ಮತ್ತೆ ಓದಿದರು. ಬಾಸ್ ಉತ್ತರ: "ಓಕೆ". ಅವತ್ತು ರಾತ್ರಿಯಿಡೀ ಒಂದೇ ಚಿಂತೆ: "ಬರೀ ಓಕೆ ಅಂದ್ರಲ್ಲ, ಏನಾದ್ರೂ ತಪ್ಪಾಯ್ತಾ?"

ಸ್ವಲ್ಪ ಸಡಿಲ ಬಿಡಿ ಅಂದರೆ ಎಲ್ಲರದ್ದೂ ಒಂದೇ ಉತ್ತರ. "ಅದನ್ನು ಬಿಟ್ರೆ ನಾನು ಸೋಮಾರಿ ಆಗಿಬಿಡ್ತೀನಿ, ಮೇಡಂ." ಇಲ್ಲೇ ನನಗೆ ತಾಳ್ಮೆ ತಪ್ಪುವುದು. ಕೆಲಸ ಕೆಡಿಸಿ ಅಂತ ನಾನು ಯಾವತ್ತಾದರೂ ಹೇಳಿದ್ದೇನಾ?

ಮಾಟುಂಗದ ಹೋಟೆಲಿನಲ್ಲಿ ದೋಸೆ ಎರೆಯುವವರನ್ನು ನೋಡಿ. ಹಿಟ್ಟು ಸ್ವಲ್ಪ ಹುಳಿಯಾದರೂ ಗೊಣಗುವ ಜನ. ಆದರೆ ದೋಸೆಯ ಅಂಚು ಹರಿದರೆ ಅದನ್ನು ಬದಿಗೆ ಸರಿಸಿ, ಕಾವಲಿಗೆ ನೀರು ಚಿಮುಕಿಸಿ, ಹಿಡಿಸೂಡಿಯಿಂದ ಒಂದು ಸಲ ಗುಡಿಸಿ, ಮುಂದಿನದು ಎರೆಯುತ್ತಾರೆ. ಹರಿದದ್ದು ದೋಸೆ ಅಷ್ಟೇ. ನಮ್ಮ ಅಕೌಂಟೆಂಟ್ ಆ ಜಾಗದಲ್ಲಿದ್ದರೆ "ನಾನು ಅಡುಗೆಯವನೇ ಅಲ್ಲ" ಅಂತ ಸೌಟು ಕೆಳಗಿಡುತ್ತಿದ್ದರು. ಇಬ್ಬರಿಗೂ ಕೆಲಸ ಚೆನ್ನಾಗೇ ಆಗಬೇಕು. ತಪ್ಪಾದಾಗ ಒಳಗೆ ಏನಾಗುತ್ತದೆ ಅನ್ನುವುದರಲ್ಲಿದೆ ವ್ಯತ್ಯಾಸ. ಒಬ್ಬರಿಗೆ ಕೆಟ್ಟದ್ದು ಕೆಲಸ, ಇನ್ನೊಬ್ಬರಿಗೆ ತಾನೇ ಕೆಟ್ಟವನು. ನಾನು ಕೈ ಹಾಕುವುದು ಈ ಎರಡನೆಯದಕ್ಕೆ ಮಾತ್ರ.

ಮಗ ಸೋಮಾರಿ ಅಂತ ಅಮ್ಮಂದಿರು ಕರೆತರುವ ಹುಡುಗರಲ್ಲೂ ಎಷ್ಟೋ ಸಲ ಇದೇ ಇರುತ್ತದೆ. ಸರಿಯಾಗಿ ಆಗಲ್ಲ ಅನ್ನುವ ಭಯಕ್ಕೆ ಅರ್ಜಿಯನ್ನೇ ತುಂಬುವುದಿಲ್ಲ.

ಕೆನಡಾದ ಮನಶ್ಶಾಸ್ತ್ರಜ್ಞರಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲೇ ಈ ಪರ್ಫೆಕ್ಷನಿಸಂ ಅನ್ನು ಮೂರಾಗಿ ವಿಂಗಡಿಸಿದರು: ಎಲ್ಲವೂ ಪರ್ಫೆಕ್ಟ್ ಇರಬೇಕು ಅಂತ ತನ್ನಿಂದ ತಾನೇ ಬಯಸುವುದು, ಬೇರೆಯವರಿಂದ ಬಯಸುವುದು, ಲೋಕ ನನ್ನಿಂದ ಬಯಸುತ್ತಿದೆ ಅಂದುಕೊಳ್ಳುವುದು. ಅಮೆರಿಕ, ಕೆನಡಾ, ಬ್ರಿಟನ್ನಿನ ಕಾಲೇಜು ಮಕ್ಕಳ 1989ರಿಂದ 2016ರವರೆಗಿನ ಅಂಕಿಅಂಶ ನೋಡಿದಾಗ ಜಾಸ್ತಿ ಏರಿದ್ದು ಈ ಮೂರನೆಯದು. ಆ ಲೆಕ್ಕವನ್ನು ಹಾಗೇ ಮುಂಬೈಗೆ ಅಂಟಿಸಬಾರದು. ಆದರೂ "ಊರಲ್ಲಿ ಏನಂತಾರೆ" ಅನ್ನುವ ಮಾತು ನನ್ನ ಕೋಣೆಯಲ್ಲಿ ದಿನಾ ಕೇಳುತ್ತದೆ. ಊರು ಬಿಟ್ಟು ಇಪ್ಪತ್ತು ವರ್ಷವಾದವರೂ ಹೇಳುತ್ತಾರೆ!

ಇದಕ್ಕೆ ನಾನು ಕೊಡುವುದು ಎಲ್ಲರಿಗೂ ಒಗ್ಗುವ ಮದ್ದಲ್ಲ. ಬೀಗ ಹಾಕಿದೆನೋ ಇಲ್ಲವೋ ಅಂತ ಇಪ್ಪತ್ತು ಸಲ ನೋಡುವುದು, ಊಟ ನಿದ್ದೆ ಬಿಡುವುದು ಇದ್ದರೆ ಮೊದಲು ಮನೋವೈದ್ಯರನ್ನು ಕಾಣಿ.

ಅಕೌಂಟೆಂಟರಿಗೆ ನಾನು ಕೊಟ್ಟದ್ದು ಸಣ್ಣ ಕೆಲಸ. ತೆರಿಗೆ ಲೆಕ್ಕ ಮುಟ್ಟಬೇಡಿ, ಸಾದಾ ಮೇಲ್ ಸಾಕು. ಎರಡೇ ಸಲ ಓದಿ ಕಳಿಸಿ. ಕಳಿಸುವ ಮುಂಚೆ ಏನಾಗಬಹುದು ಅಂತ ಹೆದರಿದಿರೋ ಬರೆದಿಡಿ, ಆಮೇಲೆ ಏನಾಯಿತೋ ಅದನ್ನೂ ಬರೆಯಿರಿ.

ಮುಂದಿನ ವಾರ ಹೊಸ ನೋಟ್‌ಬುಕ್ ತಂದರು. ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು, ಹೆದರಿಕೆ ಕೆಂಪು ಶಾಯಿಯಲ್ಲಿ, ಆದದ್ದು ನೀಲಿಯಲ್ಲಿ.

"ಇದನ್ನು ಎಷ್ಟು ಸಲ ಬರೆದ್ರಿ?"

ತಲೆ ತಗ್ಗಿಸಿದರು. "ಮೂರು ಸಲ, ಮೇಡಂ."

"ಹನ್ನೊಂದರಿಂದ ಮೂರಕ್ಕೆ ಇಳಿದ್ರಲ್ಲ, ಪರವಾಗಿಲ್ಲ" ಅಂದೆ.