ಕಾರವಾರದ ತೇವದ ಮೇಲೆ ತಪ್ಪು ಹೊರಿಸಬೇಡಿ

ಪ್ರಶ್ನೆ: ಶಿರಸಿಯಲ್ಲಿ ಗುರಿ ಹೊಂದಿಸಿದ ರೈಫಲ್ ಸ್ಕೋಪನ್ನು ಕಾರವಾರದಲ್ಲಿ ಮತ್ತೆ ಹೊಂದಿಸಬೇಕೇ? ಕರಾವಳಿಯ ಗಾಳಿ ತೇವದಿಂದ ಭಾರವಾಗಿ ಗುಂಡು ಬೇಗ ಕೆಳಗಿಳಿಯುತ್ತದಂತೆ, ನಿಜವೇ?

ಉತ್ತರ: ಗುರಿಹಲಗೆಯ ಮೇಲೆ ಒಮ್ಮೆ ಪರೀಕ್ಷಿಸಿ ನೋಡಿ, ಅಷ್ಟು ಸಾಕು. ಆದರೆ ಆ ‘ತೇವದ ಭಾರ’ವನ್ನು ದಯವಿಟ್ಟು ಇಲ್ಲಿಗೇ ಬಿಡಿ. ಪ್ರತಿ ಮಳೆಗಾಲವೂ ಇದನ್ನೇ ಹೇಳಿ ನನಗೆ ಸಾಕಾಗಿದೆ.

ತೇವದ ಗಾಳಿ ಒಣ ಗಾಳಿಗಿಂತ ಹಗುರ. ನೀರಾವಿಯ ಅಣುಭಾರ 18, ಒಣ ಗಾಳಿಯದು ಸರಾಸರಿ 29. ಆವಿ ಸೇರಿದಷ್ಟೂ ಭಾರದ ಅಣುಗಳು ಜಾಗ ಬಿಡುತ್ತವೆ. 30 ಡಿಗ್ರಿ ಸೆಕೆಯಲ್ಲಿ ಗಾಳಿ ಆವಿಯಿಂದ ಪೂರ್ತಿ ತುಂಬಿದರೂ ಅದರ ಸಾಂದ್ರತೆ ಇಳಿಯುವುದು ಶೇಕಡಾ ಒಂದೂವರೆಯಷ್ಟು ಮಾತ್ರ. ಮೈಗೆ ಅಂಟುವ ಗಾಳಿ ಗುಂಡಿಗೂ ಅಂಟುತ್ತದೆಂದು ಭಾವಿಸುವುದು ಬೆವರಿನ ವಾದ, ಭೌತಶಾಸ್ತ್ರದ್ದಲ್ಲ.

ಕಾರವಾರದ ಗಾಳಿ ಶಿರಸಿಯದಕ್ಕಿಂತ ದಟ್ಟವಾಗಿರುವುದು ನಿಜ, ಆದರೆ ಕಾರಣ ಎತ್ತರ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ; ಅದರಿಂದ ಶೇಕಡಾ ಆರರಷ್ಟು ವ್ಯತ್ಯಾಸ. ಕರಾವಳಿಯ ಬಿಸಿ ಅದರಲ್ಲೂ ಒಂದಿಷ್ಟನ್ನು ಕಳೆಯುತ್ತದೆ. ಪಾಯಿಂಟ್ 308 ತೋಟಾದ ರೈಫಲ್‌ನಲ್ಲಿ, 300 ಮೀಟರ್ ದೂರಕ್ಕೆ, ಇದರ ಪರಿಣಾಮ ಒಂದು ಸೆಂಟಿಮೀಟರಿನ ಆಸುಪಾಸು. ಸ್ಕೋಪಿನ ಗುರಿ ಸರಿಸುವ ತಿರುಪು 0.1 ಮಿಲ್‌ನದಾದರೆ (ಮಿಲ್ ಎಂದರೆ ಸಾವಿರ ಮೀಟರಿಗೆ ಒಂದು ಮೀಟರ್ ಸರಿಸುವ ಕೋನ) ಒಂದೇ ಕ್ಲಿಕ್, ಅಂದರೆ ತಿರುಪಿನ ಒಂದು ಹೆಜ್ಜೆ, ಆ ದೂರದಲ್ಲಿ ಮೂರು ಸೆಂಟಿಮೀಟರ್ ಸರಿಸುತ್ತದೆ. ತಿರುಗಿಸುವುದಾದರೂ ಏನನ್ನು? ಎಂಟುನೂರು ಮೀಟರ್ ಆಚೆಗೆ ಹೊಡೆಯುವವರು ಮಾತ್ರ ಲೆಕ್ಕ ಹಾಕಲಿ.

ಹಾಗಾದರೆ ಗುಂಡು ದಾರಿ ತಪ್ಪುವುದೇಕೆ? ಘಟ್ಟದ ತಿರುವುಗಳ ಕುಲುಕಾಟಕ್ಕೆ ಸಡಿಲಾದ, ಸ್ಕೋಪನ್ನು ರೈಫಲ್‌ಗೆ ಬಿಗಿಯುವ ತಿರುಪು ನೋಡಿ. ಮರದ ಹಿಡಿಯಾದರೆ ತೇವ ಕುಡಿದು ಉಬ್ಬಿ ನಳಿಗೆಯನ್ನು ಒತ್ತುತ್ತಿರಬಹುದು. ತೇವ ಕೆಡುಕು ಮಾಡುವುದು ಮರದಲ್ಲಿ, ಗಾಳಿಯಲ್ಲಲ್ಲ.

ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ: ಗುಡ್ಡದ ನಾಡಿನವರು ಯೋಚಿಸಬೇಕಾದದ್ದು ಇಳಿಜಾರನ್ನು. 30 ಡಿಗ್ರಿ ಇಳಿಜಾರಿನಲ್ಲಿ 300 ಮೀಟರ್ ದೂರದ ಗುರಿ ಅಡ್ಡಳತೆಯಲ್ಲಿ 260 ಮೀಟರ್ ಮಾತ್ರ. ಗುಂಡಿನ ಇಳಿತಕ್ಕೆ ಹಿಡಿಯಬೇಕಾದದ್ದು ಈ ಅಳತೆಯನ್ನು. 300 ಮೀಟರಿಗೆ ಹೊಂದಿಸಿದ ಸ್ಕೋಪಿನಲ್ಲಿ ಹಾಗೆಯೇ ಹೊಡೆದರೆ ಗುಂಡು ಅರ್ಧ ಗೇಣು ಮೇಲೆ ತಾಗುತ್ತದೆ. ಕೆಳಮುಖವಾಗಿ ಹೊಡೆದರಷ್ಟೇ ಅಲ್ಲ, ಮೇಲ್ಮುಖವಾಗಿ ಹೊಡೆದರೂ ಹಾಗೆಯೇ. ನಾಲ್ಕು ಕ್ಲಿಕ್ ಕೆಳಗಿಳಿಸುವುದು ಅಲ್ಲಿ ಬೇಕು.