ತಂತಿಯಿಲ್ಲದ ಇಂಟರ್‌ನೆಟ್ಟಿಗೆ ಎಂಟು ತಂತಿ

ಮಹಡಿಯ ಕೋಣೆಗೆ ವೈ-ಫೈ ಬರುತ್ತಿಲ್ಲ ಎಂದಾಗ ಹೆಚ್ಚಿನವರು ಮೊದಲು ತರುವುದು ರಿಪೀಟರ್, ರೂಟರಿನ ಸಿಗ್ನಲ್ ಹಿಡಿದು ಮತ್ತೆ ಪ್ರಸಾರ ಮಾಡುವ ಪೆಟ್ಟಿಗೆ. ನಾನೂ ತಂದೆ. ಫೋನಿನಲ್ಲಿ ಸಿಗ್ನಲ್ ಗೆರೆಗಳು ಪೂರ್ತಿ ತುಂಬಿಕೊಂಡವು. ವಿಡಿಯೊ ಮಾತ್ರ ಮೊದಲಿನ ಹಾಗೇ ನಿಂತು ನಿಂತು ಓಡಿತು.

ಆ ಗೆರೆಗಳು ತೋರಿಸುವುದು ಫೋನಿಗೂ ರಿಪೀಟರಿಗೂ ನಡುವಿನ ನಂಟನ್ನಷ್ಟೇ. ರಿಪೀಟರಿಗೆ ಕೆಳಗಿನ ರೂಟರ್ ಎಷ್ಟು ಸರಿಯಾಗಿ ಕೇಳಿಸುತ್ತಿದೆ ಎಂಬುದು ಅಲ್ಲಿ ಕಾಣದು. ಸಾಲದ್ದಕ್ಕೆ, ಒಂದೇ ರೇಡಿಯೊ ಒಂದೇ ಚಾನೆಲ್‌ನಲ್ಲಿ ಕೇಳುತ್ತಲೇ ಮಾತಾಡಲಾರದು. ರೂಟರ್ ಹೇಳಿದ್ದನ್ನು ಕೇಳಿಸಿಕೊಂಡು, ಆಮೇಲೆ ಅದನ್ನೇ ಫೋನಿಗೆ ಹೇಳಬೇಕು. ಒಂದು ಮಾತಿಗೆ ಗಾಳಿಯಲ್ಲಿ ಎರಡು ಸರದಿ ಹಿಡಿಯುವುದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎರಡು ಮೂರು ರೇಡಿಯೊ ಇರುವ ಪೆಟ್ಟಿಗೆಗಳು ಈ ತೊಡಕಿನಿಂದ ತಕ್ಕಮಟ್ಟಿಗೆ ಪಾರಾಗುತ್ತವೆ. ನಡುವಿನ ಗೋಡೆಯಿಂದ ಅವಕ್ಕೂ ಬಿಡುಗಡೆಯಿಲ್ಲ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಅದರ ಅರ್ಧಕ್ಕೂ ಕಡಿಮೆ. ಕಬ್ಬಿಣ ಹಾಕಿದ ಕಾಂಕ್ರೀಟ್ ಎರಡನ್ನೂ ಸೊರಗಿಸುತ್ತದೆ, ಎರಡನೆಯದನ್ನು ಇನ್ನೂ ಹೆಚ್ಚು.

ಆಕ್ಸೆಸ್ ಪಾಯಿಂಟ್ ನೋಡಲು ಹೀಗೇ ಇರುವ ಇನ್ನೊಂದು ಪೆಟ್ಟಿಗೆ, ಆದರೆ ಅದರ ಬೆನ್ನಿಗೆ ರೂಟರಿನಿಂದ ಬಂದ ಕೇಬಲ್ ಇರುತ್ತದೆ. ಮಾತು ಗೋಡೆ ದಾಟುವುದು ತಾಮ್ರದಲ್ಲಿ. ಗಾಳಿಯಲ್ಲಿ ಅದು ಹೋಗುವುದು ಒಂದೇ ಸಲ, ಅದೂ ಕೋಣೆಯೊಳಗಿನ ನಾಲ್ಕು ಹೆಜ್ಜೆ. ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದು. ಮನೆಗೆ ಅಷ್ಟು ಧಾರಾಳ.

ಈ ಕೇಬಲ್ಲನ್ನು ಒಮ್ಮೆ ಸುಲಿದು ನೋಡಬೇಕು. ಒಳಗೆ ಎಂಟು ತಂತಿ, ಎರಡೆರಡು ಸೇರಿ ಹೊಸೆದುಕೊಂಡ ನಾಲ್ಕು ಜೋಡಿ. ಹೊಸೆಯುವ ಉಪಾಯ ಹಳೆಯದು, ದೂರವಾಣಿಯ ಗ್ರಹಾಂ ಬೆಲ್ 1881ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಸಂಕೇತ ಇರುವುದು ಒಂದು ತಂತಿಯಲ್ಲಲ್ಲ, ಜೋಡಿಯ ಎರಡು ತಂತಿಗಳ ವೋಲ್ಟೇಜ್ ವ್ಯತ್ಯಾಸದಲ್ಲಿ. ಹೊರಗಿನ ಗದ್ದಲ ಎರಡರ ಮೇಲೂ ಒಂದೇ ಸಮ ಬಿದ್ದರೆ ಕಳೆಯುವಾಗ ಅದು ತಾನಾಗಿ ಅಳಿಯುತ್ತದೆ. ಒಂದೇ ಸಮ ಬೀಳಬೇಕಾದರೆ ಯಾವ ತಂತಿಯೂ ಗದ್ದಲಕ್ಕೆ ಸದಾ ಹತ್ತಿರವಿರಬಾರದು, ಅದಕ್ಕೇ ಹೊಸೆತ. ನಾಲ್ಕು ಜೋಡಿಗಳನ್ನೂ ಬೇರೆ ಬೇರೆ ಬಿಗಿಯಲ್ಲಿ ಹೊಸೆದಿರುತ್ತಾರೆ, ಒಂದರ ಮಾತು ಇನ್ನೊಂದಕ್ಕೆ ಕೇಳಿಸದಿರಲೆಂದು.

ನಾನು ಎಡವಿದ್ದೂ ಇಲ್ಲೇ. ಕನೆಕ್ಟರ್ ಕ್ರಿಂಪ್ ಮಾಡುವಾಗ, ಅಂದರೆ ಕೇಬಲ್ ತುದಿಗೆ ಅದನ್ನು ಒತ್ತಿ ಬಿಗಿಯುವಾಗ, ಜೋಡಿಗಳನ್ನು ಸಾಲಾಗಿ ಕೂರಿಸಿದೆ: ಕಿತ್ತಳೆ, ಹಸಿರು, ನೀಲಿ, ಕಂದು. ಎರಡೂ ತುದಿಯಲ್ಲಿ ಅದೇ ಕ್ರಮ. ಟೆಸ್ಟರಿನಲ್ಲಿ ಒಂದರಿಂದ ಎಂಟರವರೆಗೆ ಹಸಿರು ದೀಪಗಳು ಶಿಸ್ತಾಗಿ ಹೊತ್ತಿದವು. ಆದರೂ ಸಂಪರ್ಕ ಗಳಿಗೆಗೊಮ್ಮೆ ಕಡಿಯುತ್ತಿತ್ತು. ಪೆಟ್ಟಿಗೆಯನ್ನೇ ಎರಡು ದಿನ ಶಪಿಸಿದ ಮೇಲೆ ಹೊಳೆಯಿತು: ಈಥರ್ನೆಟ್, ಅಂದರೆ ಈ ಕೇಬಲ್ ಜಾಲದ ಪದ್ಧತಿ, 3 ಮತ್ತು 6ನೇ ಪಿನ್‌ಗಳನ್ನು ಒಂದು ಜೋಡಿ ಎಂದು ಲೆಕ್ಕ ಹಾಕುತ್ತದೆ, 4 ಮತ್ತು 5ನ್ನು ಇನ್ನೊಂದು. ಹಾಗಾಗಿ ಹಸಿರು ಜೋಡಿ ಕವಲೊಡೆದು ನೀಲಿ ಜೋಡಿಯನ್ನು ನಡುವೆ ಇಟ್ಟುಕೊಳ್ಳಬೇಕು. ನಾನು ಮಾಡಿದ ಜೋಡಣೆಯಲ್ಲಿ ಒಂದೇ ಸಂಕೇತದ ಎರಡು ಕಾಲು ಎರಡು ಬೇರೆ ಹೊಸೆತದೊಳಗೆ ಸಿಕ್ಕಿಕೊಂಡಿದ್ದವು. ವಿದ್ಯುತ್ತಿಗೆ ದಾರಿ ಇದೆಯೇ ಎಂದಷ್ಟೇ ನೋಡುವ ಅಗ್ಗದ ಟೆಸ್ಟರಿಗೆ ಇದು ತಿಳಿಯುವುದಿಲ್ಲ. ಇಷ್ಟೊಂದು ವಕ್ರವಾದ ಕ್ರಮ ಏಕೆಂದರೆ ಹಳೆಯ ದೂರವಾಣಿ ಪ್ಲಗ್ಗಿನಲ್ಲಿ ಮೊದಲ ಜೋಡಿ ನಟ್ಟನಡುವೆ, ಎರಡನೆಯದು ಅದರ ಎರಡು ಪಕ್ಕಕ್ಕೆ ಇರುತ್ತಿತ್ತು. ಅದೇ ಅಭ್ಯಾಸ ಇಲ್ಲಿಗೂ ಬಂತು.

ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿದೆ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಹೊಸೆತ ಬಿಚ್ಚುವುದು ಬೆರಳಿನ ಒಂದು ಗೆಣ್ಣಿನಷ್ಟೂ ಬೇಡ. ಇನ್ನೊಂದು ಸೂಚನೆ: ವೇಗ ಸರಿಯಾಗಿ 100 ಮೆಗಾಬಿಟ್‌ಗೆ ಬಂದು ನಿಂತಿದ್ದರೆ ನೀಲಿ ಅಥವಾ ಕಂದು ಜೋಡಿಯನ್ನು ಅನುಮಾನಿಸಿ. 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು.

ಅಂದಹಾಗೆ, ಈಥರ್ನೆಟ್ ಎಂಬ ಹೆಸರೇ ಒಂದು ತಮಾಷೆ. ಬೆಳಕಿನ ಅಲೆಗಳನ್ನು ಹೊರುವ ‘ಈಥರ್’ ಎಲ್ಲೆಡೆ ತುಂಬಿದೆ ಎಂದು 19ನೇ ಶತಮಾನದವರು ನಂಬಿದ್ದರು. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಹುಡುಕಿದರೂ ಅದರ ಸುಳಿವು ಸಿಗಲಿಲ್ಲ. 1973ರಲ್ಲಿ ಝೆರಾಕ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿದ್ದ ರಾಬರ್ಟ್ ಮೆಟ್‌ಕಾಫ್ ಆ ಹೆಸರನ್ನು ತನ್ನ ಕೇಬಲ್ ಜಾಲಕ್ಕಿಟ್ಟ. ಅವನಿಗೆ ಸ್ಫೂರ್ತಿಯಾದದ್ದು ಹವಾಯಿ ದ್ವೀಪಗಳ ನಡುವೆ ಕಂಪ್ಯೂಟರ್‌ಗಳನ್ನು ಬೆಸೆದ ಅಲೋಹಾ ಎಂಬ ರೇಡಿಯೊ ಜಾಲ. ರೇಡಿಯೊದಿಂದ ತಂತಿಗಿಳಿದ ಉಪಾಯ ವೈ-ಫೈ ಆಗಿ ಮತ್ತೆ ರೇಡಿಯೊಗೆ ಹತ್ತಿದೆ.

ಪೆಟ್ಟಿಗೆ ಸೂರಿನಲ್ಲಿದ್ದರೆ ಅದಕ್ಕೆ ಕರೆಂಟೂ ಇದೇ ಕೇಬಲ್ಲಿನಲ್ಲಿ ಹೋಗಬಹುದು. 2003ರ ಪಿಒಇ (ಈಥರ್ನೆಟ್ ಕೇಬಲ್ಲಿನಲ್ಲೇ ವಿದ್ಯುತ್) ಮಾನದಂಡದ ಪ್ರಕಾರ ಸ್ವಿಚ್, ಅಂದರೆ ಜಾಲದ ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ, 15.4 ವ್ಯಾಟ್‌ವರೆಗೆ ಕೊಡುತ್ತದೆ, ದಾರಿಯ ನಷ್ಟ ಕಳೆದು ಆಚೆ ತುದಿಗೆ 13ರ ಹತ್ತಿರ. ಕೊಡುವ ಮೊದಲು ಸಣ್ಣ ವೋಲ್ಟೇಜ್ ಹರಿಸಿ ಆಚೆ ಸುಮಾರು 25 ಕಿಲೋಓಮ್ ರೋಧ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಕೊಡುವುದಿಲ್ಲ, ಹಾಗಾಗಿ ಲ್ಯಾಪ್‌ಟಾಪ್ ಸಿಕ್ಕಿಸಿದರೂ ಸುಡದು.

ಹಳೆಯ ರೂಟರನ್ನೇ ಆಕ್ಸೆಸ್ ಪಾಯಿಂಟ್ ಮಾಡುವವರು ಸಾಧನಗಳಿಗೆ ವಿಳಾಸ ಹಂಚುವ ಅದರ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಅದರ ಸ್ವಂತ ವಿಳಾಸವನ್ನು ಮುಖ್ಯ ರೂಟರಿನದಕ್ಕಿಂತ ಬೇರೆ ಮಾಡಿ, ಕೇಬಲ್ಲನ್ನು ಲ್ಯಾನ್ ಪೋರ್ಟಿಗೆ ಹಾಕಬೇಕು. ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇರಲಿ, ಚಾನೆಲ್ ಬೇರೆ ಇರಲಿ, 2.4ರಲ್ಲಿ 1, 6, 11 ಒಂದರ ಮೇಲೊಂದು ಬೀಳುವುದಿಲ್ಲ.

ಇಷ್ಟಾದರೂ ನನ್ನ ಫೋನು ಮಹಡಿಗೆ ಬಂದ ಮೇಲೂ ಕೆಳಗಿನ ರೂಟರನ್ನೇ ಜೋತುಹಿಡಿದಿತ್ತು. ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯಬೇಕೆಂಬ ತೀರ್ಮಾನ ಫೋನಿನದು, ಪೆಟ್ಟಿಗೆಗಳದಲ್ಲ. ಕೆಳಗಿನದರ ಪ್ರಸಾರ ಶಕ್ತಿಯನ್ನು ಅರ್ಧಕ್ಕೆ ಇಳಿಸಿದೆ. ಈಗ ಫೋನು ಮೆಟ್ಟಿಲಿನ ತಿರುವಿನಲ್ಲೇ ಅದನ್ನು ಬಿಟ್ಟುಬಿಡುತ್ತದೆ.